ಹಸಿದ ತಲೆಯ ಮಾತು ಕೇಳಬೇಡ

ಜನ್ನಾಪುರ, ಭದ್ರಾವತಿ
ಕಾರ್ತಿಕದ ಎರಡನೇ ಸೋಮವಾರ, ಮಧ್ಯಾಹ್ನ

ನನ್ನ ಮೊಮ್ಮಗಳು ಸುಮನಾಗೆ ಅಜ್ಜಿ ವೀರಮ್ಮನ ಆಶೀರ್ವಾದ.

ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡೋದು ಪದ್ಧತಿ. ಊರಿನ ಇಸ್ಕೂಲಿನಲ್ಲಿ ಮೇಷ್ಟ್ರು ಅಷ್ಟು ಹೇಳಿಕೊಡೋ ಹೊತ್ತಿಗೆ ನಮ್ಮಪ್ಪ ನನ್ನನ್ನ ಬಿಡಿಸಿ ಎಮ್ಮೆ ಹಿಂದೆ ಕಳಿಸಿದ. ಹಾಗಾಗಿ ನನಗೆ ಗೊತ್ತಿರೋದು ಆ ಸಾಲೊಂದೇ. ಅದನ್ನೂ ಇವತ್ತು ಬರೆಯೋ ಹಾಗಿಲ್ಲ. ಇಲ್ಲೂ ಕ್ಷೇಮ ಇಲ್ಲ, ಅಲ್ಲೂ ಇಲ್ಲ. ಗೊತ್ತಿದ್ದೂ ಬರೆದರೆ ಕಾಗದ ಸುಳ್ಳಿನಿಂದ ಶುರುವಾದ ಹಾಗೆ.

ಅಕ್ಷರ ಕೋಳಿ ಕೆರೆದ ಹಾಗಿದೆ. ಬಿ.ಎಸ್ಸಿ. ಓದೋಳು ನೀನು, ಹೇಗೋ ಬಿಡಿಸಿಕೋ. ಬಾಯಲ್ಲಿ ಹೇಳೋಣ ಅಂದರೆ ನಿನ್ನ ಫೋನನ್ನ ವಾರ್ಡಿನವರು ಎತ್ತಿಟ್ಟಿದ್ದಾರೆ. ಒಳ್ಳೇ ಕೆಲಸ ಮಾಡಿದ್ದಾರೆ, ಅದರೊಳಗಿದ್ದ ಕಡ್ಡಿ ಹುಡುಗಿಯರನ್ನ ನೋಡಿ ನೋಡಿ ನೀನೂ ಒಣಗಿದ್ದು ಸಾಕು. ನಾನೇ ಬರೋಣ ಅಂದರೆ ನಿಮ್ಮಮ್ಮ, ಅಂದರೆ ನನ್ನ ಮಗಳು ಸರ್ವಮಂಗಳ, ನನ್ನ ಬಾಯಿಗೆ ಹೆದರಿ ಆಸ್ಪತ್ರೆ ಕಡೆ ತಲೆ ಹಾಕಬೇಡ ಅಂದಿದ್ದಾಳೆ. ಹಾಗಂತ ನಾನೇನು ಸುಮ್ಮನೆ ಕೂರಲಿಲ್ಲ. ಶನಿವಾರ ಬಸ್ಸು ಹತ್ತಿದೆ. ಹೊಳೆ ದಾಟಿದೆ, ನಿಮ್ಮೂರ ಬಸ್‌ಸ್ಟ್ಯಾಂಡಲ್ಲಿ ಇಳಿದೆ. ಅಲ್ಲಿ ಏನು ಜನ ಮಾರಾಯ್ತಿ, ಯಾವ ಕಡೆ ತಿರುಗಬೇಕು ಅಂತಲೇ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿದ್ದು ವಾಪಸ್ ಭದ್ರಾವತಿ ಬಸ್ಸಿಗೆ ಬಂದೆ. ಅವತ್ತು ಬಸ್ಸಿನವನು ನಿಲ್ಲಿಸಬೇಕಾದ ಕಡೆ ನಿಲ್ಲಿಸಲಿಲ್ಲ, ಅವನದೇ ತಪ್ಪು.

ಈಗ ವಿಷಯಕ್ಕೆ ಬರ್ತೀನಿ. ನಿನ್ನ ತಲೆಯ ಫೋಟೋ ತೆಗೆದರಲ್ಲ, ಅದರಲ್ಲಿ ಏನು ಕಂಡಿತು ಅನ್ನೋದನ್ನ ನಿನಗೆ ಯಾರೂ ಹೇಳಿಲ್ಲ. ಡಾಕ್ಟರ್ ಗುರುಪ್ರಸಾದ್ ನಿನಗೇ ಹೇಳ್ತೀನಿ ಅಂದರು. ನಿಮ್ಮಮ್ಮ ಅವರ ಕಾಲು ಹಿಡಿಯೋದೊಂದು ಬಾಕಿ, ಬುಧವಾರದ ತನಕ ಬೇಡ ಸಾರ್ ಅಂತ ತಡೆದಳು. ಹೊರಗೆ ಬಂದ ಮೇಲೆ ನನ್ನ ಕೈಯನ್ನ ಅವಳ ತಲೆ ಮೇಲೆ ಇರಿಸಿಕೊಂಡು, ಸುಮನಾಳ ಹತ್ತಿರ ಬಾಯಿ ಬಿಡಲ್ಲ ಅಂತ ಆಣೆ ಮಾಡಿಸಿದಳು. ಮಾಡಿದೆ. ಬಾಯಿ ಬಿಡಲ್ಲ ಅಂತ ಆಣೆ. ಬರೆಯಲ್ಲ ಅಂತ ಅವಳು ಕೇಳಲಿಲ್ಲ. ಎಮ್ಮೆ ಕಾದವಳಿಗೆ ಬರೆಯೋಕೆ ಬರುತ್ತೆ ಅನ್ನೋದು ಅವಳಿಗೆ ಮರೆತು ಹೋಗಿರಬೇಕು.

ಹೇಳೋ ಮುಂಚೆ ನಿನ್ನನ್ನ ಒಂದಿಷ್ಟು ಬೈತೀನಿ, ಇಲ್ಲದಿದ್ದರೆ ಕೈ ಓಡಲ್ಲ.

ಶ್ರಾವಣದಲ್ಲಿ ನೀನು ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕಲ್ಲ ಅಂದೆ. ಒಳ್ಳೇದು. ನಾವೂ ಹಾಗೇ ಬೆಳೆದವರು. ಆದರೆ ನಿನ್ನ ಪೂಜೆ ಬೆಳೀತಾ ಹೋಯಿತು, ಊಟ ಕುಗ್ಗುತ್ತಾ ಹೋಯಿತು. ಮೊದಲು ತಿಂಡಿ ಹೊತ್ತು ಮೀರಿತು, ಆಮೇಲೆ ಮಧ್ಯಾಹ್ನ ಮೀರಿತು. ಆಮೇಲೆ ತಟ್ಟೆಯನ್ನ ಲಿಂಗಕ್ಕೆ ತೋರಿಸಿ ಹಾಗೇ ಬೇರೆಯವರಿಗೆ ಕೊಟ್ಟುಬಿಡೋಕೆ ಶುರು ಮಾಡಿದೆ. ಎಲ್ಲರ ಶ್ರಾವಣ ಮುಗಿಯಿತು, ನಿನ್ನ ಶ್ರಾವಣ ಮುಗಿಯಲೇ ಇಲ್ಲ. ಬೇರೆ ಮನೆಯಲ್ಲಾಗಿದ್ದರೆ ಹುಡುಗಿ ಯಾಕೆ ಉಣ್ಣಲ್ಲ ಅಂತ ಕೇಳೋರು. ನಿಮ್ಮ ಹೊಸಮನೆ ಬೀದಿಯಲ್ಲಿ ನಿನ್ನ ಕಾಲಿಗೆ ಬಿದ್ದರು. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ನಿಷ್ಠೆ, ಮುಖದಲ್ಲಿ ಎಂಥ ಕಳೆ ಅಂದರು. ಕಳೆ ಅಲ್ಲ ಅದು, ಮೂಳೆ. ಮಹಿಳಾ ಮಂಡಳಿಯ ಆ ಪುಷ್ಪಮ್ಮ ಸ್ಟೇಜಿಗೆ ಕರೆದು ಶಾಲು ಹೊದಿಸಿದರಲ್ಲ, ಉಪವಾಸ ಮಾಡಿದ್ದಕ್ಕೆ! ಅವರು ಹಣ್ಣಿನ ತಟ್ಟೆ ನಿನ್ನ ಕೈಗೆ ಕೊಟ್ಟು, ಭಾಷಣ ಮುಗಿಯೋ ಹೊತ್ತಿಗೆ ಅದರೊಳಗಿನ ಬಾಳೆಹಣ್ಣು ತಾವೇ ಸುಲಿದು ತಿಂದಿದ್ದನ್ನ ನಾನು ನೋಡಿದೆ. ನಿಮ್ಮಮ್ಮ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಶರಣೆ ಆದಳಲ್ಲ ಅಂತ.

ಯಾರ ಯಾವ ಮಾತಿಗೆ ಇದು ಶುರುವಾಯಿತೋ ನಿನಗೇ ಗೊತ್ತು. ನೋಡೋಕೆ ಬಂದ ಗಂಡಿನ ಕಡೆಯವರು ಏನೋ ಅಂದರಂತೆ, ಕಾಲೇಜಿನಲ್ಲಿ ಯಾರೋ ನಕ್ಕರಂತೆ. ನಾನು ಕೇಳಲ್ಲ. ಒಂದು ಮಾತಿನಿಂದ ಬರೋ ಕಾಯಿಲೆ ಅಲ್ಲಮ್ಮ ಇದು ಅಂತ ಡಾಕ್ಟರೂ ಅಂದರು. ಕಾಯಿಲೆ ಅಂದೆ, ನೋಡು. ವ್ರತ ಅಲ್ಲ, ಹಟ ಅಲ್ಲ, ನಾಟಕವೂ ಅಲ್ಲ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ನನ್ನ ನಾಲಿಗೆಗೆ ಹೊರಳಲ್ಲ. ಅನೊರೆಕ್ಸಿಯಾ ಅಂತ ನಿಮ್ಮಪ್ಪ ಚೀಟಿಯಲ್ಲಿ ಬರೆದುಕೊಟ್ಟದ್ದನ್ನ ನೋಡಿ ಇಲ್ಲಿ ಬರೆದಿದ್ದೀನಿ.

ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ನಾನು ನಿಮ್ಮನೆಗೆ ಬಂದೆನಲ್ಲ, ಎಣ್ಣೆ ಹಚ್ಚೋಕೆ ನಿನ್ನ ಬೆನ್ನು ಮುಟ್ಟಿದರೆ ಕೈಗೆ ಸಿಕ್ಕಿದ್ದು ಹರಳು ಹರಳು. ಬೆನ್ನ ಮೇಲೆಲ್ಲ ಎಳೇ ಕೂಸಿನ ಹಾಗೆ ತೆಳು ರೋಮ. ಪಾಡ್ಯದ ಬೆಳಿಗ್ಗೆ ಪೂಜೆಗೆ ಕೂತೆ ನೀನು. ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದೆ. ಕೈ ನಡುಗಿತು, ಲಿಂಗ ನೆಲಕ್ಕೆ ಬಿತ್ತು, ಅದರ ಹಿಂದೆಯೇ ನೀನೂ ಬಿದ್ದೆ. ನಿಮ್ಮಮ್ಮ ಅಯ್ಯೋ ಲಿಂಗ ಬಿತ್ತು ಅಂತ ಕಿರುಚಿ ಲಿಂಗದ ಕಡೆ ಓಡಿದಳು. ನಾನು ನಿನ್ನ ಕಡೆ ಓಡಿದೆ. ಇದನ್ನ ಅವಳನ್ನ ಹಳಿಯೋಕೆ ಬರೀತಿಲ್ಲ. ಹಳಿಯೋದಾದರೆ ಎದುರಿಗೇ ಹಳಿದಿದ್ದೀನಿ. ಲಿಂಗ ಬಿದ್ದರೆ ಪ್ರಾಣವೇ ಬಿದ್ದ ಹಾಗೆ ಅಂತ ಅವಳಿಗೆ ಹೇಳಿಕೊಟ್ಟವರು ನಾವೇ ಹಿರಿಯರು. ನಿಜವಾಗಿ ಬಿದ್ದ ಪ್ರಾಣ ಪಕ್ಕದಲ್ಲೇ ಇತ್ತು, ಅವಳಿಗೆ ಕಾಣಲಿಲ್ಲ, ಅಷ್ಟೇ.

ನಿಮ್ಮಪ್ಪ ಜ್ಞಾನೇಶ ಎತ್ತಿಕೊಂಡು ಕಾರಿಗೆ ಹಾಕಿದರು. ದುರ್ಗಿಗುಡಿ ಅಂಗಡಿಯಲ್ಲಿ ಬಟ್ಟೆ ಗಂಟು ಎತ್ತಿ ಅಭ್ಯಾಸ ಇರೋ ಮನುಷ್ಯ, ನಿನ್ನನ್ನ ಎತ್ತಿದವರು ಒಂದು ಗಳಿಗೆ ಹಾಗೇ ನಿಂತುಬಿಟ್ಟರು. ಇಷ್ಟೇನಾ ಅತ್ತೆ ಅಂದರು. ನಿಮ್ಮಪ್ಪ ಈ ಮೂರು ತಿಂಗಳಲ್ಲಿ ಆಡಿದ ದೊಡ್ಡ ಮಾತು ಅದೇ.

ಈಗ ಫೋಟೋ. ಶುಕ್ರವಾರ ನಿನ್ನನ್ನ ಎಂಆರ್‌ಐ ಮಿಷನ್ನಿಗೆ ಕಳಿಸೋ ಮುಂಚೆ ನರ್ಸು ಮೈಮೇಲೆ ಲೋಹ ಏನೂ ಇರಬಾರದು ಅಂದಳು. ನೀನು ಓಲೆ ತೆಗೆದೆ, ಪಿನ್ನು ತೆಗೆದೆ, ಕತ್ತಿನಲ್ಲಿ ಲಿಂಗ ಇಟ್ಟುಕೊಂಡಿದ್ದ ಕರಡಿಗೆ ಮಾತ್ರ ಬಿಡಲಿಲ್ಲ. ಬೆಳ್ಳೀದಮ್ಮ, ತೆಗೀಲೇಬೇಕು ಅಂದಳು. ಲಿಂಗ ತೆಗೆದರೆ ನಾನು ನಾನಲ್ಲ ಅಂತ ನೀನು ಅತ್ತೆ. ಆಗ ನಾನು ನಿನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆಯಾ? ಒಳಗೆ ಡಬಡಬ ಅಂತ ಬಡಿಯುತ್ತೆ, ಎರಕದ ಮನೆ ಸದ್ದಿನ ಹಾಗೆ, ಹೆದರಬೇಡ, ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಹೇಳ್ತಾ ಇರು, ಮುಗಿದೇ ಹೋಗುತ್ತೆ ಅಂದೆ. ನಿನಗೆ ಹೇಗಜ್ಜಿ ಗೊತ್ತು ಅಂದೆ ನೀನು. ಪಕ್ಕದ ಮನೆ ಸೆಲ್ವಿ ಹೇಳಿದಳು ಅಂದೆ. ನೀನು ಕರಡಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟೆ. ಕೊಡುವಾಗ ನನ್ನ ಕತ್ತು ನೋಡಿ, ನಿನ್ನ ಬೆಳ್ಳಿ ಕರಡಿಗೆ ಎಲ್ಲಿ, ಯಾಕೆ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೀಯ ಅಂತಲೂ ಕೇಳಿದೆ. ಮುದಿ ಕತ್ತಿಗೆ ಬೆಳ್ಳಿ ಭಾರ ಅಂದೆ.

ಆಮೇಲೆ ಡಾಕ್ಟರು ನಮ್ಮ ಮೂವರನ್ನ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಒಂದು ನಿನ್ನ ವಯಸ್ಸಿನ, ಚೆನ್ನಾಗಿ ಉಂಡುಟ್ಟು ಇರೋ ಯಾವುದೋ ಹುಡುಗಿಯದು. ಇನ್ನೊಂದು ನಿನ್ನದು. ಆ ಹುಡುಗಿಯ ಮಿದುಳು ಹೊಸ ರೇಷ್ಮೆ ಸೀರೆ ನೆರಿಗೆ ಹಿಡಿದ ಹಾಗೆ, ಒಂದಕ್ಕೊಂದು ಒತ್ತಿಕೊಂಡಿತ್ತು. ನಿನ್ನದರಲ್ಲಿ ನೆರಿಗೆ ಸಡಿಲಾಗಿದೆ. ಮಡಿಕೆ ಮಡಿಕೆ ನಡುವೆ ಕಪ್ಪು ಸಂದು. ನಡುವಿನ ನೀರಿನ ಜಾಗ ಅಗಲವಾಗಿದೆ. ಬುರುಡೆ ಅಷ್ಟೇ ಇದೆ, ಒಳಗಿನದು ಕುಗ್ಗಿದೆ. ವಯಸ್ಸಾದವರಲ್ಲಿ ಇಂಥದ್ದು ನೋಡ್ತೀವಿ, ಈ ವಯಸ್ಸಿಗಲ್ಲ ಅಂದರು.

ನಿಮ್ಮಮ್ಮ ಮುಖ ಮುಚ್ಚಿಕೊಂಡಳು. ಅವಳ ಬಾಯಿಂದ ಬಂದ ಮೊದಲ ಮಾತು, ಹಾಗಾದರೆ ಹುಚ್ಚಾ ಸಾರ್ ಅಂತ. ಅವರು ಸಿಟ್ಟಾಗಲಿಲ್ಲ, ಒಳ್ಳೇ ಹುಡುಗ. ಹುಚ್ಚಲ್ಲಮ್ಮ, ಹಸಿವು ಅಂದರು. ಮೈಗೆ ಊಟ ಸಿಗದೇ ಹೋದರೆ ಅದು ಸಿಕ್ಕ ಕಡೆಯಿಂದೆಲ್ಲ ತೆಗೆದುಕೊಳ್ಳುತ್ತೆ, ಕೈಯಿಂದ, ತೊಡೆಯಿಂದ, ಎದೆಯಿಂದ. ತಲೆಯನ್ನೂ ಬಿಡಲ್ಲ. ಮತ್ತೆ ಊಟ ಸಿಕ್ಕಿ ತೂಕ ಬಂದ ಹಾಗೆ ಬಹುಪಾಲು ತುಂಬಿಕೊಳ್ಳುತ್ತೆ, ಆದರೆ ತಿಂಗಳುಗಟ್ಟಲೆ ಬೇಕು ಅಂದರು. ಪೂರ್ತಿ ತುಂಬುತ್ತಾ ಅಂದೆ ನಾನು. ಎಲ್ಲರಿಗೂ ಪೂರ್ತಿ ಅಂತ ಆಣೆ ಹಾಕಿ ಹೇಳಲ್ಲ ಅಜ್ಜಿ, ತಡ ಮಾಡದಷ್ಟೂ ಒಳ್ಳೇದು ಅಂದರು. ಸುಳ್ಳು ಹೇಳದ ಡಾಕ್ಟರು ಸಿಕ್ಕಿದ್ದು ನಿನ್ನ ಪುಣ್ಯ.

ನಾನು ಇನ್ನೊಂದು ಕೇಳಿದೆ. ಇಷ್ಟೆಲ್ಲ ಆಗಿದ್ದರೂ ಹುಡುಗಿಗೆ ತಾನು ಸರಿಯಾಗಿದ್ದೀನಿ ಅಂತ ಯಾಕೆ ಅನ್ನಿಸುತ್ತೆ? ಅದೇ ಕಷ್ಟ ಅಂದರು. ತಿನ್ನಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾಗಿರೋದೇ ಆ ಮಿದುಳು, ಹಸಿದಿರೋದೂ ಅದೇ. ಹಸಿದಷ್ಟೂ ಅದಕ್ಕೆ ಊಟದ ಭಯ ಹೆಚ್ಚುತ್ತೆ, ಹಿಡಿದದ್ದು ಬಿಡೋಕೆ ಬರಲ್ಲ ಅಂದರು. ಅಲ್ಲಿಗೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತಲ್ಲ ಸ್ವಾಮಿ ಅಂದೆ. ನಕ್ಕರು, ಹೌದು ಅಂದರು.

ಕೇಳಿಸಿತಾ ಸುಮನಾ? ನನ್ನ ಮನಸ್ಸು ಗಟ್ಟಿ, ಯಾರೂ ನನ್ನನ್ನ ಅಲ್ಲಾಡಿಸೋಕಾಗಲ್ಲ ಅಂತ ನೀನು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದೀಯ. ಅದು ನಿನ್ನ ಗಟ್ಟಿತನ ಅಲ್ಲ ಕೂಸೇ. ಹಸಿದ ತಲೆ ನಿನ್ನ ದನಿಯಲ್ಲಿ ಮಾತಾಡ್ತಿದೆ.

ನಿಮ್ಮಜ್ಜ ಕಾರ್ಖಾನೆಯಲ್ಲಿ ಎರಕ ಹೊಯ್ಯೋ ಕೆಲಸದಲ್ಲಿದ್ದರು, ಗೊತ್ತಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆದ ಮೇಲೆ ಬೇರೆ ಸುದ್ದಿ ಇಲ್ಲ, ಕಬ್ಬಿಣದ್ದೇ. ಕಾದ ಕಬ್ಬಿಣವನ್ನ ಮರಳಿನ ಅಚ್ಚಿಗೆ ಹೊಯ್ದರೆ ಅದು ಆರುತ್ತಾ ಆರುತ್ತಾ ಕುಗ್ಗುತ್ತಂತೆ. ಅದಕ್ಕೆ ಅಚ್ಚಿನ ಮೇಲೊಂದು ಕೊಳವೆ ಬಿಟ್ಟು ಅದರ ತುಂಬ ಕಾದ ಕಬ್ಬಿಣ ಇಟ್ಟಿರೋದು. ಕೆಳಗೆ ಕುಗ್ಗಿದ ಹಾಗೆಲ್ಲ ಮೇಲಿನಿಂದ ಇಳಿದು ತುಂಬುತ್ತೆ. ಅದಕ್ಕೆ ಅವರು ಉಣ್ಣಿಸೋದು ಅಂತಲೇ ಅನ್ನೋರು. ಕಬ್ಬಿಣಕ್ಕೂ ಉಣ್ಣಿಸಬೇಕು ಕಣೇ, ಇಲ್ಲದಿದ್ದರೆ ಹೊರಗೆ ಫಳಫಳ, ಒಳಗೆ ಟೊಳ್ಳು ಅನ್ನೋರು. ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೇದು ಗಂಟೆ ಹಾಗೆ ಅನ್ನುತ್ತೆ, ಟೊಳ್ಳಾದದ್ದು ಒಡಕು ಮಡಕೆ ಹಾಗೆ ಅನ್ನುತ್ತೆ. ನೀನು ಗಂಟೆ ಹಾಗಿದ್ದೆ. ಅಡಿಗೆಮನೆಯಲ್ಲಿದ್ದರೆ ಬೀದಿ ತನಕ ನಗು ಕೇಳೋದು. ಹಬ್ಬದ ದಿನ ನಾನು ಏನು ತಮಾಷೆ ಮಾಡಿದರೂ ನೀನು ಹ್ಞೂಂ ಅಂದೆ, ಬರೀ ಹ್ಞೂಂ. ಆದರೆ ಕಬ್ಬಿಣ ಟೊಳ್ಳಾಗಿ ಆರಿದರೆ ಮುಗೀತು, ಒಡೆದು ಮತ್ತೆ ಕುಲುಮೆಗೆ. ನೀನು ಕಬ್ಬಿಣ ಅಲ್ಲ. ನೀನಿನ್ನೂ ಆರಿಲ್ಲ. ಈಗಲೂ ಉಣ್ಣಿಸಿದರೆ ಇಳಿದು ತುಂಬುತ್ತೆ.

ಈಗ ಬುಧವಾರದ ಮಾತು. ಲಿಂಗ ಬಿದ್ದದ್ದು ಅಪಚಾರ, ಆಸ್ಪತ್ರೆಯಲ್ಲಿ ಮೈಮೇಲಿಂದ ತೆಗೆದದ್ದು ಇನ್ನೊಂದು ಅಪಚಾರ ಅಂತ ನಿಮ್ಮಮ್ಮ ಶುಕ್ರವಾರವೇ ಅದನ್ನ ನನ್ನ ಕೈಯಿಂದ ಕಿತ್ತುಕೊಂಡು ಹಳೇನಗರದ ಉಮಾಮಹೇಶ್ವರಯ್ಯನೋರ ಹತ್ತಿರ ಶುದ್ಧಿಗೆ ಕೊಟ್ಟುಬಂದಳು. ಬುಧವಾರ ನಿನ್ನನ್ನ ಡಿಸ್ಚಾರ್ಜ್ ಮಾಡಿಸಿ, ಮಠಕ್ಕೆ ಕರೆದುಕೊಂಡು ಹೋಗಿ, ಮತ್ತೆ ಕಟ್ಟಿಸಿ, ಆಮೇಲೆ ಮನೆಯಲ್ಲೇ ಪಥ್ಯ ಮಾಡಿಸ್ತೀನಿ ಅಂತಾಳೆ. ನೀನೂ ಸರಿ, ಲಿಂಗ ಇಲ್ಲದ ಮೈಗೆ ಅನ್ನ ಇಳಿಯಲ್ಲ ಅಂತ ವಾರ್ಡಿನಲ್ಲಿ ಕುಡೀತಿದ್ದ ಗಂಜಿಯನ್ನೂ ಬಿಟ್ಟಿದ್ದೀಯ. ಎದೆ ಬಡಿತ ನಿಧಾನ ಆಗಿದೆ, ಈಗ ಮನೆಗೆ ಕಳಿಸಿದರೆ ಉಳಿಯೋದು ಕಷ್ಟ ಅಂತ ಡಾಕ್ಟರು ನಿಮ್ಮಪ್ಪನಿಗೆ ಬಿಡಿಸಿ ಹೇಳಿದ್ದಾರೆ. ನಿಮ್ಮಮ್ಮನಿಗೂ ಹೇಳಿದ್ದಾರೆ. ಅವಳಿಗೆ ಕೇಳಿಸ್ತಿರೋದು ಬರೀ ಮಿದುಳು ಅನ್ನೋ ಮಾತು. ಅದು ಬೀದಿಗೆ ಬಿದ್ದರೆ ಮಗಳಿಗೆ ಗಂಡು ಸಿಗಲ್ಲ ಅಂತ ಭಯ. ಪುಷ್ಪಮ್ಮನಿಗೆ ಕಾಮಾಲೆ ಅಂತ ಹೇಳಿದ್ದಾಳಂತೆ. ನೀನು ಮೇಜರು, ನಿನ್ನ ಮಾತಿಲ್ಲದೆ ಕಳಿಸಲ್ಲ ಅಂತ ಡಾಕ್ಟರು ಹಿಡಿದುಕೊಂಡಿದ್ದಾರೆ. ಹಾಗಾಗಿ ಎಲ್ಲ ನಿನ್ನ ಬಾಯಲ್ಲೇ ಇದೆ.

ಇವತ್ತು ಬೆಳಿಗ್ಗೆ ನಾನು ಆಟೋ ಮಾಡಿಕೊಂಡು ಅಯ್ಯನೋರ ಮನೆಗೆ ಹೋದೆ. ನೀನು ಕೂಸಾಗಿದ್ದಾಗ ನಿನಗೆ ಲಿಂಗ ಕಟ್ಟಿದವರು ಅವರೇ, ಈಗ ಕಣ್ಣು ಮಂಜು, ಬುದ್ಧಿ ಮಂಜಾಗಿಲ್ಲ. ಎಲ್ಲ ಹೇಳಿದೆ. ಫೋಟೋ ವಿಷಯವನ್ನೂ ಹೇಳಿದೆ, ಅವರ ಹತ್ತಿರ ಬಾಯಿ ಬಿಡಬೇಡ ಅಂತ ಆಣೆ ಇರಲಿಲ್ಲ. ಲಿಂಗ ಬಿದ್ದರೆ ತೊಳೆದು ಕಟ್ಟಿಕೊಳ್ಳೋದು, ಅದಕ್ಕೇನು ಮಠ, ಅದಕ್ಕೇನು ಬುಧವಾರ ಅಂದರು. ಕಟ್ಟಿಕೊಳ್ಳೋಕೆ ಕತ್ತು ಉಳಿಯಬೇಕಲ್ಲಮ್ಮ ಅಂದರು. ಆಮೇಲೆ ಸಿಟ್ಟು ಬಂತು ಅವರಿಗೆ. ಲಿಂಗಕ್ಕೆ ತೋರಿಸಿದ ಮೇಲೆ ಅದು ಅನ್ನ ಅಲ್ಲ, ಪ್ರಸಾದ. ಪ್ರಸಾದವನ್ನ ಬೇಡ ಅನ್ನೋ ಅಧಿಕಾರ ಯಾರಿಗೂ ಇಲ್ಲ. ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಕುಡಿಯೋ ಮನೆಯ ಹುಡುಗಿ ತಟ್ಟೆಯನ್ನೇ ತಳ್ಳಿದಳಾ, ಆ ಮಾತು ಅವಳಿಗೆ ನಾನು ಹೇಳಿದೆ ಅಂತ ಹೇಳು ಅಂದರು. ಹೇಳಿದ್ದೀನಿ. ಲಿಂಗವನ್ನ ತೊಳೆದು, ವಿಭೂತಿ ಹಚ್ಚಿ, ನನ್ನ ಕೈಗೇ ಕೊಟ್ಟರು.

ನಿಮ್ಮಪ್ಪ ಸಂಜೆ ಇಲ್ಲಿಗೆ ಬರ್ತಾರೆ. ಈ ಕಾಗದವನ್ನೂ ಲಿಂಗವನ್ನೂ ಅವರ ಕೈಲಿ ಕಳಿಸ್ತೀನಿ. ಹಳೇ ಮಗ್ಗದ ಸೀರೆ ಅಂಚಿನಲ್ಲಿ ಒಂದು ಚೀಲ ಹೊಲಿದು ಅದರೊಳಗೆ ಇಟ್ಟಿದ್ದೀನಿ, ಹೊಲಿಗೆ ಸೊಟ್ಟಗಿದೆ. ಬೆಳ್ಳಿ ಕರಡಿಗೆ ನನ್ನ ಹತ್ತಿರ ಇರಲಿ. ಮುಂದೆ ಇನ್ನೊಂದು ಸಲ ಫೋಟೋ ತೆಗೆದು ನೋಡೋಣ, ಎಷ್ಟು ತುಂಬಿದೆ ಅಂತ ಡಾಕ್ಟರು ಅಂದಿದ್ದಾರೆ. ಆಗ ಬಟ್ಟೆಯಲ್ಲಿದ್ದರೆ ಯಾರೂ ಬಿಚ್ಚು ಅನ್ನಲ್ಲ. ಬಿಚ್ಚಲಿಲ್ಲ ಅಂದರೆ ಅಳೋದೂ ಇಲ್ಲ, ಅನ್ನ ಬಿಡೋದಕ್ಕೆ ನೆಪವೂ ಇಲ್ಲ. ಡಾಕ್ಟರು ಚೀಲದೊಳಗಿನ ಲಿಂಗವನ್ನೂ ತೆಗಿ ಅಂದರೆ ಒಂದು ಗಳಿಗೆ ನಿಮ್ಮಪ್ಪನ ಅಂಗೈಯಲ್ಲಿಡು. ಅವರ ಕೈ ನಡುಗಲ್ಲ.

ನೀನು ಮಾಡಬೇಕಾದದ್ದು ಇಷ್ಟೇ. ಚೀಲ ಕತ್ತಿಗೆ ಹಾಕಿಕೋ. ಅವರು ತಂದ ಗಂಜಿಯನ್ನ ಲಿಂಗಕ್ಕೆ ತೋರಿಸು, ಕುಡಿ. ಅಳ್ತಾ ಕುಡಿ, ನನ್ನನ್ನ ಶಪಿಸ್ತಾ ಕುಡಿ, ಪರವಾಗಿಲ್ಲ. ಒಳಗಿನಿಂದ ಒಬ್ಬಳು ಬೇಡ ಬೇಡ ಅಂತ ಕೂಗ್ತಾಳೆ. ಅವಳು ನೀನಲ್ಲ, ಅವಳಿಗೆ ಉತ್ತರ ಕೊಡೋಕೆ ಹೋಗಬೇಡ. ಬುಧವಾರ ನಿಮ್ಮಮ್ಮ ಬಂದಾಗ ಅಮ್ಮ ನಾನು ಇಲ್ಲೇ ಇರ್ತೀನಿ ಅನ್ನು. ಮೆತ್ತಗೆ ಅನ್ನು, ಜಗಳ ಬೇಡ. ಅವಳು ಕೆಟ್ಟವಳಲ್ಲ. ನಿನ್ನ ಶಾಲನ್ನ ಮಡಿಸಿ ಬೀರುವಿನಲ್ಲಿ ಇಟ್ಟಿದ್ದಳಲ್ಲ, ಮೊನ್ನೆ ಅದನ್ನ ತೆಗೆದು ನೆಲ ಒರೆಸೋಕೆ ಹಾಕಿದಳಂತೆ. ನಿಮ್ಮಪ್ಪ ಹೇಳಿದರು. ಅವಳಿಗೂ ಬುದ್ಧಿ ಬರ್ತಿದೆ, ನಿಧಾನಕ್ಕೆ.

ಇನ್ನೇನು ಬರೆಯಲಿ. ಸಾರಿಗೆ ಇವತ್ತು ಎರಡು ಸಲ ಉಪ್ಪು ಬಿದ್ದಿದೆ, ಸೆಲ್ವಿ ಮನೆಯಿಂದ ಮಜ್ಜಿಗೆ ತಂದು ಉಂಡೆ. ಲಿಂಗ ಬಿದ್ದದ್ದನ್ನ, ನಿಮ್ಮಮ್ಮ ಓಡಿದ್ದನ್ನ ಬರೆದೆನಾ? ಬರೆದಿದ್ದೀನಿ, ಮೇಲೆ ಕಾಣ್ತಿದೆ.

ನಿನ್ನ ಊಟಕ್ಕೆ ಕಾಯ್ತಿರೋ
ಅಜ್ಜಿ ವೀರಮ್ಮ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೀತಿದ್ದೀನಿ. ಸುಳ್ಳಿನಿಂದ ಶುರು ಮಾಡಲ್ಲ ಅಂತ ಜಂಬ ಕೊಚ್ಚಿದ್ದೀನಿ, ನಡುವೆ ಸೇರಿಸಿದ ಸುಳ್ಳು ಹಾಗೇ ಇದೆ. ಮಿಷನ್ನಿನ ಸದ್ದು ಸೆಲ್ವಿ ಹೇಳಿದ್ದಲ್ಲ. ಆಷಾಢದಲ್ಲಿ ಅವಳು ನನ್ನನ್ನೇ ಅಂಥ ಮಿಷನ್ನಿಗೆ ಕರೆದುಕೊಂಡು ಹೋಗಿದ್ದಳು, ಒಲೆ ಹಚ್ಚಿಟ್ಟು ಮರೆತು ಎರಡನೇ ಸಲ ಪಾತ್ರೆ ಸುಟ್ಟ ಮೇಲೆ. ಬೆಳ್ಳಿ ಕರಡಿಗೆ ನಾನು ಬಿಚ್ಚಿದ್ದು ಅವತ್ತು, ಕತ್ತಿಗೆ ಭಾರ ಆಗಿ ಅಲ್ಲ. ಗುರುಪ್ರಸಾದ್ ಡಾಕ್ಟರು ನಿನ್ನ ಚಿತ್ರ ತೋರಿಸಿದಾಗ ನಿಮ್ಮಮ್ಮ ಬೆಚ್ಚಿದಳು, ನಾನು ಬೆಚ್ಚಲಿಲ್ಲ. ಅಂಥದ್ದೇ ನೆರಿಗೆ ಸಡಿಲಾದ ಚಿತ್ರವೊಂದು ನನ್ನ ಟ್ರಂಕಿನಲ್ಲಿದೆ. ನನ್ನದು ಹಸಿವಲ್ಲ, ಉಂಡರೂ ತುಂಬಲ್ಲ ಅಂದರು. ನಿನ್ನದು ತುಂಬುತ್ತೆ. ನಿಮ್ಮಮ್ಮನಿಗೆ ಹೇಳಬೇಡ, ಒಂದು ಸಲಕ್ಕೆ ಒಂದು ತಲೆ ಸಾಕು ಅವಳಿಗೆ. ನೀನು ಮನೆಗೆ ಬಂದ ಮೇಲೆ ಊಟ ಆಯಿತಾ ಅಂತ ಕೇಳ್ತೀನಿ, ಕೇಳಿದ್ದು ಮರೆತು ಮತ್ತೆ ಕೇಳ್ತೀನಿ. ರೇಗಬೇಡ. ಎರಡು ಸಲವೂ ಆಯಿತು ಅಜ್ಜಿ ಅನ್ನು, ನಿಜವಾಗಿ ಆಗಿರಲಿ.